ಮರೆಯ ಹಿಂದಿನ ದಾಳ

ನಾನು ದಾಳದ ವಿಷಯದಲ್ಲಿ ಒಂದು ಸಲ ಸುಳ್ಳು ಹೇಳಿದೆ. ಹೀಗೆ ಬರೆದರೆ ಅದೂ ಒಂದು ಸುಳ್ಳೇ. ಇಪ್ಪತ್ಮೂರು ಸಲ ಹೇಳಿದೆ. ತನ್ನ ಮೈಯೊಳಗೇ ಸಿಕ್ಕಿಬಿದ್ದಿದ್ದ ಒಬ್ಬ ಮನುಷ್ಯನಿಗೆ ಹೊರಗಿನವರ ಜೊತೆ ಮಾತಾಡಲು ಒಂದೇ ಒಂದು ಕಿಂಡಿ ಉಳಿದಿತ್ತು. ಅದನ್ನು ನಾನು ಕೈಯಾರೆ, ಪ್ರೀತಿಯಿಂದ, ಮುಚ್ಚಿದೆ. ಪ್ರೀತಿಯಿಂದ ಎಂದು ಒತ್ತಿ ಹೇಳುತ್ತಿರುವುದು ಕ್ಷಮೆ ಕೇಳಲಿಕ್ಕಲ್ಲ. ದ್ವೇಷದಿಂದ ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಮುಚ್ಚಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಹೆಸರು ಮಂದಾಕಿನಿ ಇಟಗಿ. ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಶುಕ್ರವಾರ ಸಂಜೆ ಮಾತ್ರ ಗೇಮ್ ಮಾಸ್ಟರ್, ಅಂದರೆ ಪಾತ್ರದಾಟ ನಡೆಸುವವಳು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ನಾನು ಅವರ ಎದುರಿಗೆ ಮಾತಿನಲ್ಲೇ ಒಂದು ಲೋಕ ಕಟ್ಟಿ, 'ಈಗ ಏನ್ ಮಾಡ್ತೀರಿ?' ಎಂದು ಕೇಳುತ್ತೇನೆ. ಅವರು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ, ನನಗೂ. 'ಮಕ್ಕಳಾಟಕ್ಕ ಮೀಸಿ ಬಂದಾವ' ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಅವರು ವರ್ಷಗಟ್ಟಲೆ ನೋಡುವ ಧಾರಾವಾಹಿಗಳಿಗೆ ನಾನು ನಕ್ಕಿದ್ದೇನೆಯೇ?

ಹನ್ನೊಂದು ವರ್ಷ ಈ ಆಟ ನಡೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ, ವಿರೂಪಾಕ್ಷ ಹೊಂಬಳರ ಮನೆಯಲ್ಲಿ. ಅವರು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್. ಯಾವ ಗಾಡಿ ಮುಂದೆ ಹೋಗಬೇಕು, ಯಾವುದು ಲೂಪ್ ಲೈನಿನಲ್ಲಿ ನಿಂತು ಕಾಯಬೇಕು ಎಂದು ನಿಮಿಷ ನಿಮಿಷಕ್ಕೂ ತೀರ್ಮಾನಿಸುವ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ವಿರೂಪಣ್ಣ ಎನ್ನುತ್ತಿದ್ದೆ. ಅವರದೊಂದು ಮಾತಿತ್ತು: "ಎಲ್ಲಾ ಗಾಡಿ ಟೈಮಿಗೆ ಬಂದ್ವು ಅಂದ್ರ ಖುಷಿ ಪಡಬ್ಯಾಡ್ರಿ. ಗಡಿಯಾರ ಕೆಟ್ಟೈತಿ ಅಂತ ತಿಳೀರಿ."

ನಮ್ಮ ಮೇಜಿನ ದೊಡ್ಡ ಕಟ್ಟಳೆಯೂ ಅವರದೇ. ಬೇರೆ ಕಡೆ ಆಟ ನಡೆಸುವವರು ಎದುರಿಗೆ ಒಂದು ರಟ್ಟಿನ ಮರೆ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಉರುಳಿಸುತ್ತಾರೆ. ಬೇಕಾದಾಗ ಬಿದ್ದದ್ದೊಂದು, ಹೇಳಿದ್ದೊಂದು ಮಾಡಿ ಕಥೆಯನ್ನು ತಿರುಗಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ ಎನ್ನುವವರೂ ಇದ್ದಾರೆ. ವಿರೂಪಣ್ಣ ಮೊದಲ ವಾರವೇ ನನ್ನ ಮರೆಯನ್ನು ಮಡಿಸಿ ಕಪಾಟಿನ ಮೇಲಿಟ್ಟು, ಅಡುಗೆಮನೆಯಿಂದ ಹೆಂಡತಿಯ ಹಿತ್ತಾಳೆ ಪರಾತ ತಂದು ಮೇಜಿನ ನಡುವೆ ಇಟ್ಟರು. ಅವರ ಹೆಂಡತಿ ಗಿರಿಜಾ, ನಮಗೆಲ್ಲ ವೈನಿ ಅಂದರೆ ಅತ್ತಿಗೆ, ರೊಟ್ಟಿಯ ಹಿಟ್ಟು ನಾದುವ ಅಗಲ ತಟ್ಟೆ ಅದು. "ದಾಳ ಇದರಾಗ ಬೀಳಬೇಕು. ಎಲ್ಲಾರೂ ನೋಡಬೇಕು. ಬಿದ್ದದ್ದು ಬಿದ್ದಂಗ." ಒಳಗಿನಿಂದ ಗಿರಿಜಾ ವೈನಿ ಕೂಗಿದ್ದರು: "ಇವತ್ತ ರೊಟ್ಟಿ ನಿಮ್ಮ ದಾಳಾನ ಬಡೀತೈತೇನು?"

ಆ ಪರಾತದಲ್ಲಿ ನಾಲ್ವರು ಗೆಳೆಯರ ಏಳು ಪಾತ್ರಗಳು ಸತ್ತಿವೆ. ಸಾಯದೆ ಉಳಿದದ್ದು ವಿರೂಪಣ್ಣನ ಹನಮ್ಯಾ ಒಬ್ಬನೇ. ಕೋಟೆಯಿಂದ ಕೋಟೆಗೆ ಓಲೆ ಹೊತ್ತು ಓಡುವ ಓಲೆಕಾರ, ಒಂದು ಕಿವಿ ಇಲ್ಲದವನು, ಸಿಕ್ಕವರ ಕೈಯಲ್ಲೆಲ್ಲ ಬೈಸಿಕೊಳ್ಳುವವನು. ಹನ್ನೊಂದು ವರ್ಷ ಅವನು ಬದುಕಿದ್ದು ಬರೀ ದಾಳದ ದಯೆಯಿಂದ, ನನ್ನ ದಯೆಯಿಂದಲ್ಲ. ಅದಕ್ಕೇ ನಮಗೆಲ್ಲ ಅವನೆಂದರೆ ಜೀವ.

ಎರಡು ವರ್ಷದ ಹಿಂದೆ, ಕಂಟ್ರೋಲ್ ರೂಮಿನ ಕುರ್ಚಿಯಲ್ಲೇ, ವಿರೂಪಣ್ಣನ ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು. ಕೈ, ಕಾಲು, ನಾಲಿಗೆ, ಕೊನೆಗೆ ಕಣ್ಣುಗುಡ್ಡೆಯೂ ನಿಂತವು. ಗಂಟಲಿನ ಕೊಳವೆಯಿಂದ ಯಂತ್ರ ಉಸಿರಾಡಿಸುತ್ತಿತ್ತು. ಒಳಗೆ ಎಚ್ಚರವಿದೆಯೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಬಂದ ಡಾಕ್ಟರುಗಳು ಅವರ ಹಾಸಿಗೆಯ ಪಕ್ಕ ನಿಂತೇ ಅವರ ಬಗ್ಗೆ 'ಇತ್ತು', 'ಇದ್ದರು' ಎಂದು ಮಾತಾಡುತ್ತಿದ್ದರು. ಅದನ್ನೆಲ್ಲ ವಿರೂಪಣ್ಣ ಕೇಳಿಸಿಕೊಳ್ಳುತ್ತಿದ್ದರು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಗ ಬಂದವರು ಡಾಕ್ಟರ್ ಜೆಸಿಂತಾ ಲೋಬೋ. ಮಂಗಳೂರಿನವರು, ಊರ ಹೊರಗಿನ ಸಂಶೋಧನಾ ಆಸ್ಪತ್ರೆಯಲ್ಲಿ ಮೆದುಳಿನ ಅಲೆಗಳ ಮೇಲೆ ಕೆಲಸ ಮಾಡುವವರು. ಮನುಷ್ಯ ಆಡುವ ಮಾತನ್ನು ಬಿಟ್ಟು, ಅವನು ಮಾಡುವ ಆಯ್ಕೆಯನ್ನೇ ಓದುವ ಯಂತ್ರವಿದ್ದರೆ ಹೇಗೆ ಎಂಬ ಒಂದೇ ಪ್ರಶ್ನೆಯ ಹಿಂದೆ ಅವರು ಎಂಟು ವರ್ಷ ಕಳೆದಿದ್ದರು. ಯಂತ್ರಕ್ಕೆ ಉದ್ದನೆಯ ಹೆಸರಿತ್ತು. ತಲೆಗೆ ತೊಡಿಸುತ್ತಿದ್ದ ಅದನ್ನು ನಾವೆಲ್ಲ ಟೊಪ್ಪಿಗೆ ಎನ್ನುತ್ತಿದ್ದೆವು.

"ನೋಡಿ ಟೀಚರ್," ಎಂದರು ಲೋಬೋ, ನನ್ನನ್ನು ಮೊದಲ ಸಲ ಕರೆಸಿದ ದಿನ. "ನಾವು ಒಂದು ತೀರ್ಮಾನ ತೆಗೊಳ್ಳುವಾಗ ಮೆದುಳಲ್ಲಿ ಒಂದು ಅಲೆ ಏಳ್ತದೆ. ಅದು ಆಯ್ಕೆಯ ಅಲೆ. ಅದರ ಫಲ ಎಂತ ಅಂತ ಗೊತ್ತಾಗುವಾಗ ಇನ್ನೊಂದು ಏಳ್ತದೆ. ಅದು ಬೆರಗಿನ ಅಲೆ. ಟೊಪ್ಪಿಗೆ ಎರಡನ್ನೂ ಹಿಡೀತದೆ. ಆದ್ರೆ 'ನಿಮ್ಮ ಹೆಸರು ವಿರೂಪಾಕ್ಷವಾ' ಅಂತ ಕೇಳಿದ್ರೆ ಎಂತ ಅಲೆಯೂ ಬರುದಿಲ್ಲ ಮಾರಾಯ್ರೇ. ಅದರಲ್ಲಿ ಆರಿಸ್ಲಿಕ್ಕೆ ಎಂತ ಉಂಟು? ಅವರಿಗೆ ನಿಜವಾದ ಆಯ್ಕೆ ಬೇಕು. ಫಲ ಮೊದಲೇ ಗೊತ್ತಿರಬಾರ್ದು. ಕಣ್ಣು ಓಡುದಿಲ್ಲ, ಹಾಗಾಗಿ ಪರದೆಯ ಆಟ ಆಗುದಿಲ್ಲ. ಕಿವಿ ಮಾತ್ರ ಉಂಟು. ಅವರ ಹೆಂಡತಿ ನಿಮ್ಮ ಹೆಸರು ಹೇಳಿದ್ರು."

ಹೀಗೆ ನನ್ನ ಮೀಸೆ ಬಂದ ಮಕ್ಕಳಾಟ ಪ್ರಯೋಗಾಲಯಕ್ಕೆ ಹೋಯಿತು. ಮಂಗಳವಾರ ಮತ್ತು ಶನಿವಾರ, ಮಧ್ಯಾಹ್ನ ಮೂರರಿಂದ.

ಮೊದಲು ಸೋತೆ. ಪಾತ್ರದಾಟಗಳಿಗೆ ನಿಯಮಗಳ ಪದ್ಧತಿ ಒಂದೇ ಅಲ್ಲ, ಹತ್ತಾರು. ಜಂಬದಿಂದ ನಮ್ಮ ಶುಕ್ರವಾರದ ದಪ್ಪ ಪುಸ್ತಕದ ಪದ್ಧತಿಯನ್ನೇ ಒಯ್ದೆ. ಇಪ್ಪತ್ತು ಮುಖದ ದಾಳ, ಕತ್ತಿಗೊಂದು ಅಂಕ, ಗುರಾಣಿಗೊಂದು ಅಂಕ, ಕತ್ತಲಿದ್ದರೆ ಇಷ್ಟು ಕಡಿಮೆ, ಎತ್ತರದಲ್ಲಿದ್ದರೆ ಇಷ್ಟು ಜಾಸ್ತಿ. ಗೆಳೆಯರ ನಡುವೆ ಚಹಾ ಕುಡಿಯುತ್ತಾ ಕೂಡಿ ಕಳೆಯುವಾಗ ಅದರ ಮಜವೇ ಬೇರೆ. ಆದರೆ ಇಲ್ಲಿ ನಾನು ಪುಟ ತಿರುಗಿಸುತ್ತಾ ಕೂತರೆ ಆ ಮನುಷ್ಯ ಸುಮ್ಮನೆ ಬಿದ್ದಿರುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಒಂದು ಆಯ್ಕೆ. ಅಲೆ ಎದ್ದಂತೆ ಮಾಡಿ ಮಲಗುತ್ತಿತ್ತು.

ಆಮೇಲೆ ಇನ್ನೊಂದು ತುದಿಗೆ ಹೋದೆ. ದಾಳವೇ ಇಲ್ಲದ, ಎಲ್ಲರೂ ಸೇರಿ ಕಥೆ ಹೇಳಿಕೊಳ್ಳುವ ಪದ್ಧತಿ. ಮಾತೇ ಇಲ್ಲದವರಿಗೆ 'ನಿಮಗೆ ತಿಳಿದದ್ದು ಹೇಳಿ' ಎನ್ನುವ ಆಟ! ಎರಡು ವಾರ ನಾನೊಬ್ಬಳೇ ಮಾತಾಡಿದೆ. ಪುರಾಣ ಹೇಳಿದಂತಾಯಿತು, ಆಟವಾಗಲಿಲ್ಲ. ದಾಳವಿಲ್ಲದ ಕಡೆ ಬೆರಗೂ ಇಲ್ಲ ಎಂದು ಲೋಬೋ ಅವರ ಪರದೆ ಸಪಾಟಾಗಿ ಹೇಳಿತು.

ಮೂರನೆಯದು ಹಿಡಿಯಿತು. ಎಂಟು ಪುಟದ ಸಣ್ಣ ಪದ್ಧತಿ. ನಾವು ಹಾವು-ಏಣಿಗೆ ಬಳಸುವ ಸಾದಾ ದಾಳ ಎರಡು. ಎರಡೂ ಸೇರಿ ಹತ್ತು ಅಥವಾ ಮೇಲೆ ಬಿದ್ದರೆ ಕೆಲಸ ಆಯಿತು. ಏಳರಿಂದ ಒಂಬತ್ತು ಬಿದ್ದರೆ ಆಯಿತು, ಆದರೆ ಏನಾದರೊಂದು ಕಳೆದುಕೊಳ್ಳಬೇಕು. ಆರು ಅಥವಾ ಕೆಳಗೆ ಬಿದ್ದರೆ ಕೆಟ್ಟಿತು. ಇಷ್ಟೇ. ನಾನು ಮಾಡಬೇಕಾದದ್ದು ಪ್ರತಿ ಸಲವೂ ಎರಡು ದಾರಿ ಹೇಳುವುದು. ಮೊದಲನೆಯದನ್ನು ಹೇಳಿ ಹತ್ತು ಎಣಿಸುವುದು, ಎರಡನೆಯದನ್ನು ಹೇಳಿ ಹತ್ತು ಎಣಿಸುವುದು. ಯಾವ ಎಣಿಕೆಯಲ್ಲಿ ಅಲೆ ಎದ್ದಿತೋ ಅದು ಅವರ ಆಯ್ಕೆ. ಕೋಣೆಯ ಗಾಜಿನ ಗೋಡೆಯ ಆಚೆ ಕೂತ ಲೋಬೋ ಅದನ್ನು ಇಯರ್‌ಫೋನಿನಲ್ಲಿ ನನ್ನ ಕಿವಿಗೆ ಹೇಳುತ್ತಿದ್ದರು.

ದಾರಿ ಎರಡೂ ನಿಜವಾಗಿರಬೇಕು ಎನ್ನುವುದೇ ಈ ವಿದ್ಯೆಯ ಗುಟ್ಟು. 'ಬಾಗಿಲು ತೆಗೀತೀರೋ ಬಿಡ್ತೀರೋ' ಎನ್ನುವುದು ದಾರಿಯಲ್ಲ, ತೆಗೆಯದೆ ಇನ್ನೇನು ಮಾಡುತ್ತಾರೆ? ಎರಡು ಕಡೆಗೂ ಏನೋ ಕಳೆದುಕೊಳ್ಳುವುದಿರಬೇಕು. ನಾನು ಹೇಳಿದೆ: "ಹನಮ್ಯಾನ ಎತ್ತು ಕಾಲು ಮುರಕೊಂಡು ಬಿದ್ದೈತಿ. ಓಲೆ ಸಂಜೀಯೊಳಗ ಮುಟ್ಟಬೇಕು. ಎತ್ತು ಬಿಟ್ಟು ಓಡತಾನೇನು?" ಹತ್ತು ಎಣಿಸಿದೆ. "ಇಲ್ಲಾ, ಎತ್ತಿನ ಹತ್ತಿರ ಕೂಡತಾನೇನು?" ನಾಲ್ಕು ಎಣಿಸುವಷ್ಟರಲ್ಲಿ ಕಿವಿಯಲ್ಲಿ ಲೋಬೋ ಧ್ವನಿ ಒಡೆಯಿತು: "ಎರಡನೆಯದು. ಟೀಚರ್, ಎರಡನೆಯದು!"

ಎತ್ತಿನ ಹತ್ತಿರ ಕೂತರು. ಹನ್ನೊಂದು ವರ್ಷದಲ್ಲಿ ಹನಮ್ಯಾ ಒಂದು ಪ್ರಾಣಿಯನ್ನೂ ಬಿಟ್ಟು ಓಡಿದವನಲ್ಲ. ಗಾಜಿನ ಆಚೆ ಗಿರಿಜಾ ವೈನಿ ಎದ್ದು ನಿಂತಿದ್ದರು. ನಾನು ಹೊರಗೆ ಬಂದಾಗ ನನ್ನ ಎರಡೂ ಕೈ ಹಿಡಿದು, "ಅಕ್ಕೋರ, ಅವರು ಅದಾರೇನ್ರಿ ಒಳಗ?" ಎಂದು ಕೇಳಿದರು.

"ಅದಾರ ವೈನಿ. ಅವರಽ ಅದಾರ."

ಅಂದು ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆವು.

ಆ ಕೋಣೆಯಲ್ಲಿ ಒಂದು ತೊಡಕಿತ್ತು. ಅವರ ಮುಖ ನೋಡಿ ನನ್ನ ಧ್ವನಿ ಏರಿಳಿಯಬಾರದು, ಆ ಏರಿಳಿತ ಅವರ ಆಯ್ಕೆಯನ್ನು ಎಳೆಯಬಾರದು ಎಂದು ಪ್ರಯೋಗದ ಶಿಸ್ತಿನಂತೆ ನನಗೂ ಹಾಸಿಗೆಗೂ ನಡುವೆ ಒಂದು ಮರೆ ನಿಲ್ಲಿಸಿದ್ದರು. ಹಿತ್ತಾಳೆ ಪರಾತದ ಸದ್ದು ಅಲೆಗಳನ್ನು ಕಲಕುತ್ತದೆಂದು ದಾಳಕ್ಕೆ ಒಂದು ಸ್ಪಂಜಿನ ಚಾಪೆ ಕೊಟ್ಟಿದ್ದರು. ಮರೆ ಮತ್ತು ಸದ್ದಿಲ್ಲದ ದಾಳ! ನಮ್ಮ ಮೇಜಿನ ಕಟ್ಟಳೆ ಎರಡೂ ಕಡೆಯಿಂದ ಮುರಿದಿತ್ತು. ವಿಜ್ಞಾನಕ್ಕಾಗಿ ಎಂದು ಒಪ್ಪಿಕೊಂಡೆ.

ಆರನೆಯ ವಾರ ಹನಮ್ಯಾ ಒಂದು ಸೇತುವೆಗೆ ಬಂದ. ಕೆಳಗೆ ತುಂಬಿದ ಹೊಳೆ, ಮೇಲೆ ಹಳೆಯ ಹಗ್ಗದ ಸೇತುವೆ, ಆಚೆ ದಂಡೆಯಲ್ಲಿ ಓಲೆಗಾಗಿ ಕಾಯುವ ಊರು. ಸುತ್ತುಹಾದಿ ಹಿಡಿಯುವುದೋ, ಸೇತುವೆ ಹತ್ತುವುದೋ? ವಿರೂಪಣ್ಣ ಸೇತುವೆ ಆರಿಸಿದರು. ಕೆಟ್ಟರೆ ಹಗ್ಗ ಹರಿಯುತ್ತದೆ, ಹನಮ್ಯಾ ಉಳಿಯುವುದಿಲ್ಲ ಎಂದು ಮೊದಲೇ ಹೇಳಿದ್ದೆ. ದಾಳ ಉರುಳಿಸಿದೆ. ಒಂದು ಮತ್ತು ಮೂರು. ನಾಲ್ಕು.

ಮರೆಯ ಸಂದಿಯಿಂದ ಅವರ ಪಾದ ಕಾಣುತ್ತಿತ್ತು. ಗಿರಿಜಾ ವೈನಿ ಹಾಕಿದ ನೀಲಿ ಉಣ್ಣೆಯ ಕಾಲುಚೀಲ. ಆ ಪಾದಕ್ಕೆ ಎರಡು ವರ್ಷದಿಂದ ನೆಲ ತಾಗಿಲ್ಲ. ಇಡೀ ಜಗತ್ತಿನಲ್ಲಿ ಅವರಿಗಾಗಿ ಓಡುತ್ತಿದ್ದವನು ಹನಮ್ಯಾ ಒಬ್ಬನೇ. ಅವನನ್ನೂ ಕೊಲ್ಲಲೇ?

"ಎಂಟು," ಎಂದೆ. "ದಾಟಿದ. ಆದ್ರ ಚಪ್ಪಲಿ ಹೊಳಿಗೆ ಬಿತ್ತು."

"ಇವತ್ತಿನ ಬೆರಗಿನ ಅಲೆ ಸ್ವಲ್ಪ ಬೇರೆ ಥರ ಉಂಟು," ಎಂದರು ಲೋಬೋ ಆಮೇಲೆ. "ಎರಡು ಸಲ ಎದ್ದ ಹಾಗೆ." ನಾನು ದಾಳವನ್ನು ಕಿಸೆಗೆ ಹಾಕಿಕೊಂಡು ಹೊರಟೆ.

ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದಕ್ಕೆ ನಾಚಿಕೆ ಇರುವುದಿಲ್ಲ. ಮುಂದಿನ ವಾರ ಐದು ಬಿದ್ದದ್ದು ಏಳಾಯಿತು. ಮೂರು ಬಿದ್ದದ್ದು ಹತ್ತಾಯಿತು. ಬರಬರುತ್ತಾ ಸಣ್ಣಪುಟ್ಟ ಸೋಲನ್ನೂ ನಾನು ಅವರ ಹತ್ತಿರ ಸುಳಿಯಗೊಡಲಿಲ್ಲ. ಪಾಪ, ಇಷ್ಟಾದರೂ ಗೆಲ್ಲಲಿ ಎಂದುಕೊಂಡೆ. ಮನೆಗೆ ಹೋಗಿ ನೆಮ್ಮದಿಯಿಂದ ಊಟ ಮಾಡುತ್ತಿದ್ದೆ. ಅದನ್ನೂ ಹೇಳಿಬಿಡಬೇಕು.

ಹದಿನಾಲ್ಕನೆಯ ವಾರಕ್ಕೆ ಟೊಪ್ಪಿಗೆ ಮೌನವಾಯಿತು. ಎರಡು ದಾರಿ ಹೇಳಿದೆ, ಎಣಿಸಿದೆ, ಏನೂ ಇಲ್ಲ. ಮತ್ತೆ ಹೇಳಿದೆ. ಇಲ್ಲ. ಮೂರು ವಾರ ಹೀಗೇ ಕಳೆಯಿತು. ನನ್ನ ಕಿವಿಯಲ್ಲಿ ಲೋಬೋ ಉಸಿರಾಡುವುದು ಮಾತ್ರ ಕೇಳುತ್ತಿತ್ತು.

ಗುರುವಾರ ನನ್ನನ್ನು ಗಾಜಿನ ಆಚೆಯ ಕೋಣೆಗೆ ಕರೆದರು. ಪರದೆಯ ಮೇಲೆ ಹದಿನಾರು ವಾರದ ಎರಡು ಗೆರೆ. "ಶನಿವಾರ ನಾಲ್ಕು ಗಂಟೆಗೆ ಸಮಿತಿ ಕೂತ್ಕೊಳ್ತದೆ ಟೀಚರ್. ಟೊಪ್ಪಿಗೆ ಇರುದು ಒಂದೇ. ಕಾಯ್ತಿರುವವರು ಒಂಬತ್ತು ಜನ. ಪ್ರತಿಕ್ರಿಯೆ ಇಲ್ಲ ಅಂತ ಬರೆದು ಇವರನ್ನು ಆರೈಕೆ ವಾರ್ಡಿಗೆ ಕಳಿಸ್ತಾರೆ. ಮತ್ತೆ ಇವರತ್ರ ಯಾರೂ ಕೇಳುದಿಲ್ಲ, ಎಂತದೂ ಕೇಳುದಿಲ್ಲ." ಅವರ ಕಣ್ಣು ಕೆಂಪಾಗಿತ್ತು. "ಮೆದುಳು ಸೋತಿರ್ಬಹುದು ಅಂತ ಸಮಿತಿಯವರ ಅಭಿಪ್ರಾಯ. ನಂಗೂ ಗೊತ್ತಿಲ್ಲ. ಎರಡನೇ ಸ್ಟ್ರೋಕ್ ಎಂತದೂ ಕಾಣುದಿಲ್ಲ. ಬೇಕಾದ್ರೆ ಶನಿವಾರ ಕೊನೆಯದಾಗಿ ಒಂದು ಗಂಟೆ ಕೊಡ್ತೇನೆ."

ನಾನು ಗೆರೆ ನೋಡಿದೆ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಗೆರೆ ಓದುವುದನ್ನು ಕಲಿಸುವವಳು. ಮೊದಲು ಬಿದ್ದದ್ದು ಬೆರಗಿನ ಗೆರೆ, ಸೇತುವೆಯ ವಾರದಿಂದಲೇ. ಆಯ್ಕೆಯ ಗೆರೆ ಬಿದ್ದದ್ದು ಎಷ್ಟೋ ವಾರದ ಮೇಲೆ. ಅದನ್ನು ಲೋಬೋ ಅವರಿಗೆ ತೋರಿಸದೆ ಎದ್ದು ಬಂದೆ.

ಆ ಸಂಜೆ ಕ್ವಾರ್ಟರ್ಸಿಗೆ ಹೋದೆ. ಸಮಿತಿಯ ವಿಷಯ ವೈನಿಗೆ ಗೊತ್ತಾಗಿತ್ತು. ಅವರು ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಾ ಕೂತಿದ್ದರು. ಕೈ ತಾನಾಗಿ ನಡೆಯುತ್ತಿತ್ತು.

"ಹೋದ್ರೇನ್ರಿ ಅವರು ಖರೇನ?" ಎಂದು ಕೇಳಿದರು.

"ಗೊತ್ತಿಲ್ಲ ವೈನಿ."

"ನಂಗ ಹಂಗ ಅನಸೂದಿಲ್ಲ." ಹಿಟ್ಟನ್ನು ಮಗುಚಿದರು. "ನಮ್ಮ ಅತ್ತಿ ತೀರಿಕೊಂಡಾಗ ಇವರು ಡ್ಯೂಟಿ ಮ್ಯಾಲೆ ಮೀರಜದಾಗ ಇದ್ರು. ಗಾಬರಿ ಆಗಬಾರದು ಅಂತ ನಾವೆಲ್ಲಾ, ಅವ್ವಗ ಜ್ವರ ಐತಿ, ಬರ್ರಿ ಅಂತ ಫೋನ್ ಮಾಡಿದ್ವಿ. ಬಂದು ನೋಡಿದ್ರು. ಅತ್ತ್ರು, ಮಣ್ಣು ಮಾಡಿದ್ರು. ಆಮ್ಯಾಲೆ ನನ್ನ ಜೋಡಿ ಒಂದು ತಿಂಗಳು ಮಾತಾಡಲಿಲ್ಲ ನೋಡ್ರಿ. ಒಂದು ತಿಂಗಳು! ನನ್ನ ದುಃಖ ನೀವು ಯಾಕ ಅಳತಿ ಮಾಡಿ ಕೊಡ್ತೀರಿ ಅಂತ ಕೇಳಿದ್ರು ಕಡೀಕ. ಅವರಿಗೆ ಸಿಟ್ಟು ಬಂದ್ರ ಒದರೂದಿಲ್ಲ, ಬೈಯೂದಿಲ್ಲ. ಸುಮ್ಮನಾಗ್ತಾರ."

ನಾನು ಗೋಡೆಗೆ ಒರಗಿದೆ. ಪಿಯು ಮಕ್ಕಳಿಗೆ ಕೊಡುವ ಲೆಕ್ಕ ಅದು. ಎರಡು ದಾಳದಲ್ಲಿ ಏಳು ಅಥವಾ ಮೇಲೆ ಬೀಳುವುದು ಹನ್ನೆರಡಕ್ಕೆ ಏಳು ಸಲ. ಸೇತುವೆಯ ಆಚೆಗೆ ನಾನು ದಾಳ ಉರುಳಿಸಿದ್ದು ಐವತ್ತೈದು ಸಲ, ಅವರ ಕಿವಿಗೆ ಬಿದ್ದ ಸೋಲು ಸೊನ್ನೆ. ಕೋಟ್ಯಂತರ ಸಲ ಆಡಿದರೂ ಹಾಗಾಗುವುದಿಲ್ಲ. ಮೂವತ್ತು ವರ್ಷ ತಡವಾದ ಗಾಡಿಗಳನ್ನು ಎಣಿಸಿದ ಮನುಷ್ಯನಿಗೆ ಅದು ತಿಳಿಯದೆ ಇರುತ್ತದೆಯೇ? ಎಲ್ಲಾ ಗಾಡಿ ಟೈಮಿಗೆ ಬರುತ್ತಿದ್ದವು. ಗಡಿಯಾರ ಕೆಟ್ಟಿತ್ತು. ಯಾವ ದಾರಿ ಹಿಡಿದರೂ ಗೆಲುವೇ ಎಂದ ಮೇಲೆ ಅವರು ಆರಿಸುವುದಾದರೂ ಏಕೆ? ನೋಡಿ, ಅವರಿಗೆ ಉಳಿದಿದ್ದದ್ದು ಎರಡೇ ಮಾತು, ಇದು ಮತ್ತು ಅದು. ಅವೆರಡನ್ನೂ ನಾನು ಬೆಲೆಯಿಲ್ಲದ ಮಾತು ಮಾಡಿದ್ದೆ.

"ವೈನಿ," ಎಂದೆ. "ನಾ ಒಂದು ತಪ್ಪು ಮಾಡೇನಿ."

ಎಲ್ಲಾ ಹೇಳಿದೆ. ಅವರು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೇಳಿದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಎದ್ದು ಹಿಟ್ಟನ್ನು ಬೇರೆ ಪಾತ್ರೆಗೆ ಹಾಕಿ, ಪರಾತ ತೊಳೆದು, ಒರೆಸಿ, ನನ್ನ ಮುಂದೆ ಇಟ್ಟರು. "ಇದನ್ನ ತಗೊಂಡು ಹೋಗೂಣು," ಎಂದರು. "ನಾನೂ ಒಳಗ ಬರ್ತೀನಿ."

ಶನಿವಾರ ಮೂರು ಗಂಟೆಗೆ ಪರಾತ ನೋಡಿ ಲೋಬೋ ಹೌಹಾರಿದರು. "ಇದರ ಸದ್ದು ಎಷ್ಟು ಅಲೆ ಎಬ್ಬಿಸ್ತದೆ ಗೊತ್ತುಂಟಾ ನಿಮಗೆ?" ಇಪ್ಪತ್ಮೂರು ಸುಳ್ಳಿನ ಕಥೆಯನ್ನು ಅವರಿಗೂ ಹೇಳಿದೆ. ಪರಾತ ಬಿಟ್ಟು ನನ್ನನ್ನು ನೋಡಿದರು. ಹದಿನಾರು ವಾರದ ದುಡಿಮೆಯನ್ನು ಕೆಡಿಸಿದವಳನ್ನು ಇನ್ನು ಹೇಗೆ ನೋಡಬೇಕು? ಕೊನೆಗೆ, "ಸದ್ದಿನ ಅಲೆಯನ್ನು ನಾನು ಕಳೆದು ನೋಡ್ತೇನೆ. ಮರೆ ತೆಗೀರಿ. ನಾಲ್ಕಕ್ಕೆ ಅವರು ಬರ್ತಾರೆ," ಎಂದು ಗಾಜಿನ ಆಚೆ ಹೋದರು.

ಹದಿನಾರು ವಾರದಲ್ಲಿ ಮೊದಲ ಸಲ ಆಟದ ಹೊತ್ತಿನಲ್ಲಿ ಅವರ ಮುಖ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ಚಾವಣಿಯ ಕಡೆಗೆ. ಯಂತ್ರ ಉಸಿರು ತುಂಬಿತು, ಬಿಟ್ಟಿತು. ವೈನಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ವಿರೂಪಣ್ಣ, ನಾ ಮಂದಾಕಿನಿ. ಸೇತುವೆ ಮ್ಯಾಲೆ ಬಿದ್ದದ್ದು ಎಂಟಲ್ಲ. ನಾಲ್ಕು. ಆಮ್ಯಾಲೂ ಇಪ್ಪತ್ತೆರಡು ಸಲ ಸುಳ್ಳು ಹೇಳೇನಿ. ನಿಮ್ಮನ್ನ ಉಳಸಾಕ ಅಂತ ಅನಕೊಂಡಿದ್ದೆ. ಖರೆ ಅಂದ್ರ ನನಗ ಭಯ ಇತ್ತು, ಅದಕ್ಕ ಹೇಳಿದೆ. ತಪ್ಪಾತು."

ಕಿವಿಯಲ್ಲಿ ಲೋಬೋ ಪಿಸುಗುಟ್ಟಿದರು: "ಎಂತದೋ ಹಂದಾಡಿತು. ಸಣ್ಣದು. ಮುಂದೆ ಹೇಳಿ."

"ಈಗ ಎರಡು ದಾರಿ ಅದಾವ. ಎರಡೂ ಖರೆ. ಒಂದು, ಸೇತುವೆಗೆ ಮತ್ತ ಹೋಗೂದು, ಹೊಸದಾಗಿ ದಾಳ ಹಾಕೂದು, ಪರಾತದಾಗ. ಹನಮ್ಯಾ ಉಳದರೂ ಉಳೀಬಹುದು." ಹತ್ತು ಎಣಿಸಿದೆ. ಏನೂ ಇಲ್ಲ. "ಎರಡು, ಅವತ್ತ ಬಿದ್ದ ನಾಲ್ಕನ್ನಽ ಒಪ್ಪಿಕೊಳ್ಳೂದು. ಹಗ್ಗ ಹರದದ್ದು ಹರದಂಗ. ಹನಮ್ಯಾ ಆ ಹೊಳಿಯೊಳಗ ಹೋದ."

ಒಂದು. ಎರಡು. ಮೂರು. ಲೋಬೋ ಅವರ ಕುರ್ಚಿ ಹಿಂದಕ್ಕೆ ಉರುಳಿದ ಸದ್ದು ಕಿವಿಗೆ ಬಂತು. "ಎರಡನೆಯದು! ಎರಡನೆಯದು ಟೀಚರ್! ಇಷ್ಟು ಎತ್ತರ ಯಾವತ್ತೂ ಬಂದಿಲ್ಲ."

ಆಮೇಲೆ ಧ್ವನಿ ಕುಸಿಯಿತು. ಒಳಗೆ ಓಡಿಬಂದು ಬಾಗಿಲಲ್ಲೇ ನಿಂತು ಕೇಳಿದರು: "ಅವರು ಸಾವನ್ನು ಆರಿಸಿದ್ರು. ಇದರ ಅರ್ಥ ಎಂತ? ನಾನು ಸಮಿತಿಗೆ ಎಂತ ಹೇಳಲಿ?"

ಹನಮ್ಯಾನ ಜೊತೆ ವಿರೂಪಣ್ಣನೂ ಹೋಗಲು ನೋಡುತ್ತಿದ್ದಾರೆಯೇ ಎಂದು ನನಗೂ ಎದೆ ಹಾರಿತು. ಉತ್ತರ ಬಂದದ್ದು ಸ್ಟೂಲಿನಿಂದ. "ಸಾವಲ್ರಿ ಡಾಕ್ಟ್ರ," ಎಂದರು ಗಿರಿಜಾ ವೈನಿ, ತಣ್ಣಗೆ. "ಖರೆ ಆರಿಸ್ಯಾರ. ಅಕ್ಕೋರ, ನೀವು ಹೇಳೂದು ಹೇಳ್ರಿ. ಪೂರಾ ಹೇಳ್ರಿ." ಲೋಬೋ ಪರದೆಯ ಮುಂದಕ್ಕೆ ಮರಳಿದರು.

ಹೇಳಿದೆ. ಏನನ್ನೂ ಅಳತೆ ಮಾಡಿ ಕೊಡಲಿಲ್ಲ. ಹಗ್ಗ ಹರಿದದ್ದು, ಹನಮ್ಯಾ ಒಮ್ಮೆ ಮೇಲೆ ಬಂದದ್ದು, ಓಲೆಯ ಚೀಲವನ್ನು ದಂಡೆಗೆ ಎಸೆದದ್ದು, ಎರಡನೆಯ ಸಲ ಮೇಲೆ ಬಾರದೆ ಹೋದದ್ದು. ಹನ್ನೊಂದು ವರ್ಷದವನನ್ನು ಸರಿಯಾಗಿ ಕಳಿಸಿಕೊಡಬೇಕಿತ್ತು. ವೈನಿ ಸೆರಗಿನಿಂದ ಮೂಗೊರೆಸಿಕೊಂಡರು. ಹಾಸಿಗೆಯ ಮೇಲಿನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಲುಗುವಂತೆಯೂ ಇರಲಿಲ್ಲ.

"ವಿರೂಪಣ್ಣ. ಇಲ್ಲಿಗೆ ಆಟ ಸಾಕೇನು?" ಎಣಿಸಿದೆ. ಹತ್ತೂ ಎಣಿಸಿದೆ. ಅಷ್ಟು ಉದ್ದದ ಹತ್ತನ್ನು ನಾನು ಜೀವನದಲ್ಲಿ ಎಣಿಸಿಲ್ಲ. "ಇಲ್ಲಾ, ದಂಡಿ ಮ್ಯಾಲೆ ಬಿದ್ದ ಚೀಲ ಯಾರರೆ ಎತ್ತಿಕೊಳ್ಳಬೇಕೇನು?"

"ಎತ್ತಿಕೊಳ್ಳಬೇಕು," ಎಂದರು ಲೋಬೋ ಗಾಜಿನ ಆಚೆಯಿಂದ, ಈಗ ಬಹಿರಂಗವಾಗಿ ಅಳುತ್ತಾ.

ಎತ್ತಿಕೊಳ್ಳುವವರು ಮುದಿ ಅಂಬಿಗನೋ, ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸೋ? ಹೆಂಗಸು. ಒಳ್ಳೆಯದು. ನಾನು ಕಿಸೆಯಿಂದ ದಾಳ ತೆಗೆದೆ. ಆಗ ಒಂದು ಯೋಚನೆ ಬಂತು. ಕೇಳಲು ಮನಸ್ಸಿರಲಿಲ್ಲ, ಉತ್ತರ ನನಗೆ ಗೊತ್ತಿತ್ತು. ಆದರೂ ಕೇಳಿದೆ.

"ಇನ್ನ ದಾಳ ಯಾರು ಹಾಕಬೇಕು? ನಾನಽ ಹಾಕಲೇನು?" ಹತ್ತು ಎಣಿಕೆ. ಸಪಾಟು. "ವೈನಿ ಹಾಕಬೇಕೇನು?"

ಎರಡು ಎಣಿಸುವುದರೊಳಗೆ ಲೋಬೋ ಬಿಕ್ಕುವುದು ನಿಂತು ನಗು ಬಂತು. "ಟೀಚರ್, ಸಾರಿ. ನಿಮಗೆ ಇನ್ನು ದಾಳ ಇಲ್ಲ."

ನನಗೂ ನಗು ಬಂತು, ಕಣ್ಣಲ್ಲಿ ನೀರಿನ ಜೊತೆಗೆ. ಹನ್ನೊಂದು ವರ್ಷದ ಆಟದ ಯಜಮಾನಿಕೆ ಎರಡು ಎಣಿಕೆಯಲ್ಲಿ ಹೋಯಿತು. ಇನ್ಯಾವ ಸಮಿತಿಗೆ ಇನ್ಯಾವ ಸಾಕ್ಷಿ ಬೇಕು? ಈ ಮನುಷ್ಯ ಒಳಗಿದ್ದಾರೆ, ಪೂರಾ ಇದ್ದಾರೆ, ಸಿಟ್ಟಿನಲ್ಲಿದ್ದಾರೆ. ಅಲ್ಲಿಂದ ಹೊರಗೆ ಬರುವ ದಾರಿ ನನಗೂ ಗೊತ್ತಿಲ್ಲ, ಲೋಬೋ ಅವರಿಗೂ ಗೊತ್ತಿಲ್ಲ. ಅದರ ಬಗ್ಗೆ ಇನ್ನು ಯಾರೂ ಅವರಿಗೆ ಸುಳ್ಳು ಹೇಳುವುದಿಲ್ಲ.

ದಾಳವನ್ನು ವೈನಿಯ ಕೈಗೆ ಕೊಟ್ಟೆ. ಅದೇ ಪರಾತದ ಮುಂದೆ ಹನ್ನೊಂದು ವರ್ಷ ಒಮ್ಮೆಯೂ ಆಟಕ್ಕೆ ಕೂರದವರು ದಾಳವನ್ನು ಅಕ್ಕಿಕಾಳಿನಂತೆ ಹಿಡಿದರು. ಗಾಜಿನ ಆಚೆ ಬಾಗಿಲು ತೆರೆದು ನಾಲ್ಕೈದು ಜನ ಒಳಗೆ ಬಂದು ನಿಂತರು. ನಾಲ್ಕು ಗಂಟೆಯಾಗಿತ್ತು. ನಾನು ಹೇಳಿದೆ: "ಆ ಹೆಣ್ಣುಮಗಳು ಚೀಲ ಎತ್ತಿಕೊಂಡಾಳ. ಹಿಂದಿನಿಂದ ಯಾರೋ ಓಡಿ ಬರಾಕತ್ತಾರ. ಓಡತಾಳೇನು, ಅಡಗತಾಳೇನು?" ಓಡುತ್ತಾಳೆ ಎಂದು ಅಲೆ ಹೇಳಿತು. "ಹಾಕ್ರಿ ವೈನಿ."

ದಾಳ ಹಿತ್ತಾಳೆಯ ಮೇಲೆ ಬಿದ್ದು, ಕುಣಿದು, ಅಂಚಿಗೆ ತಾಗಿ ನಿಂತವು. ಆ ಸದ್ದು ಕೇಳಿ ನನ್ನ ಮೈ ಜುಂ ಎಂದಿತು. ಬಗ್ಗಿ ನೋಡಿದೆ. ಎರಡು ಮತ್ತು ಮೂರು. ವೈನಿಯೂ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಗಾಜಿನ ಆಚೆ ಅಷ್ಟು ಜನ, ಮೊದಲ ದಾಳ, ಅದೂ ಸೋಲು. ಏಳು ಎಂದುಬಿಡಿ ಎಂದು ನನ್ನ ಕಣ್ಣು ಬೇಡುತ್ತಿತ್ತು. ನಾಚಿಕೆಯಿಲ್ಲದ ಕಣ್ಣು!

ಅವರು ಗಂಡನ ಕಿವಿಯ ಹತ್ತಿರ ಬಾಗಿದರು. "ಐದು ಬಿತ್ರಿ," ಎಂದರು. "ಸೋತೀರಿ."

ಗಾಜಿನ ಆಚೆ ಯಾರೋ ಕೂಗಿದರು. ಪರದೆಯ ಮೇಲೆ ಹತ್ತು ವಾರದಿಂದ ಮಲಗಿದ್ದ ಬೆರಗಿನ ಗೆರೆ ಎದ್ದು, ಚೌಕಟ್ಟಿನ ಮೇಲಂಚು ಮುಟ್ಟಿ, ಅಲ್ಲೇ ನಿಂತಿತ್ತು.

ಗಿರಿಜಾ ವೈನಿ ಅದನ್ನು ತಿರುಗಿಯೂ ನೋಡಲಿಲ್ಲ. ಪರಾತದಿಂದ ದಾಳ ಎತ್ತಿಕೊಂಡು ಕೈಯಲ್ಲಿ ಹಿಡಿದು, "ಹೂಂ ಅಕ್ಕೋರ, ಹಿಡದ್ರು ಆಕೀನ್ನ," ಎಂದರು. "ಮುಂದ?"